ಹೇಂಟೆಯ ಕೆಲಸ

ಕಾವಿಗೆ ಕೂತ ನಾಟಿ ಹೇಂಟೆ 21 ದಿನ ಮೊಟ್ಟೆ ಬಿಟ್ಟು ಏಳುವುದು ದಿನಕ್ಕೆ ಒಂದು ಸಲ, ಅದೂ ಸ್ವಲ್ಪ ಹೊತ್ತು. ಹಿಕ್ಕೆ ಹಾಕಿ, ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು ಓಡಿ ಬರುತ್ತದೆ. ಕೂತಲ್ಲೇ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ, ಅಂಚಿನಲ್ಲಿರುವುದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಮರಿ ಹೊರಬಂದ ಮೇಲೆ ನೆಲ ಕೆದಕಿ ತಿನ್ನುವುದನ್ನು ಕಲಿಸುತ್ತದೆ. ಹದ್ದು ಸುಳಿದರೆ ಒಂದೇ ಕೂಗಿಗೆ ಎಲ್ಲವನ್ನೂ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ.

ಹಿತ್ತಿಲಲ್ಲಿ ಕೋಳಿ ಸಾಕಬೇಕೆಂದು ಹೊರಟವರು ಮೊದಲು ನೋಡಬೇಕಾದದ್ದು ಇದನ್ನೇ. ಏಕೆಂದರೆ ಈಗ ಬಹಳಷ್ಟು ಜನ ಶುರುಮಾಡುವುದು ಹೇಂಟೆಯಿಂದಲ್ಲ, ರಟ್ಟಿನ ಪೆಟ್ಟಿಗೆಯಲ್ಲಿ ತಂದ ಒಂದು ದಿನದ ಮರಿಗಳಿಂದ. ಆ ಪೆಟ್ಟಿಗೆಯಲ್ಲಿ ತಾಯಿ ಇರುವುದಿಲ್ಲ. ಅದರ ಕೆಲಸವಷ್ಟೂ ಮರಿ ತಂದವರ ಪಾಲಿಗೆ ಬರುತ್ತದೆ. ‘ಹಿತ್ತಿಲ ಕೋಳಿಗೆ ಆರೈಕೆ ಬೇಡ, ತಾನೇ ಮೇದು ಬೆಳೆಯುತ್ತೆ’ ಎಂಬ ಮಾತನ್ನು ನಂಬಿ ಮೊದಲ ತಿಂಗಳಲ್ಲೇ ಅರ್ಧಕ್ಕರ್ಧ ಮರಿ ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ.

ಯಾವ ಕೋಳಿ ತರಬೇಕು? ಕರ್ನಾಟಕದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದ ದಿನಗಳಲ್ಲಿ ಅಲ್ಲಿನ ವಿಜ್ಞಾನಿಗಳು ಹಿತ್ತಿಲಿಗೆಂದೇ ರೂಪಿಸಿದ ತಳಿ ಗಿರಿರಾಜ. ಬಣ್ಣ ಬಣ್ಣದ ಗರಿ, ಎತ್ತರದ ನಿಲುವು, ಗುಂಡು ಮೈ. ಬಿಳಿ ಕೋಳಿ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಈ ಬಣ್ಣದ ಕೋಳಿ ಪೊದೆ, ತರಗೆಲೆಗಳ ನಡುವೆ ಅಷ್ಟು ಬೇಗ ಕಾಣುವುದಿಲ್ಲ. 2005ರಲ್ಲಿ ಅಲ್ಲಿಂದಲೇ ಸ್ವರ್ಣಧಾರ ಬಂತು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರಷ್ಟು ಮೊಟ್ಟೆ ಕೊಡುತ್ತದೆ ಎಂಬುದು ಅದರ ಹೆಗ್ಗಳಿಕೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ ನಮ್ಮ ಹಳ್ಳಿಗಳಿಗೆ ಬಂದಿವೆ.

ಇವುಗಳ ಪಕ್ಕದಲ್ಲಿ ನಮ್ಮ ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತುಬಿಡುತ್ತದೆ, ಆಮೇಲೆ ಮರಿಗಳ ಹಿಂದೆ ತಿಂಗಳುಗಟ್ಟಲೆ ಸುತ್ತುತ್ತದೆ. ಲೆಕ್ಕ ಹಾಕುವವರು ಇದನ್ನು ನಷ್ಟ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ಬಹುಮಟ್ಟಿಗೆ ಅಳಿದಿದೆ. ಅವುಗಳ ಮೊಟ್ಟೆಯಿಂದ ಮರಿ ಮಾಡಿದರೂ ತಾಯಿ ತಂದೆಯ ಗುಣ ಹಾಗೇ ಇಳಿದು ಬರುವುದಿಲ್ಲ; ಪ್ರತಿ ಸಲ ಮರಿ ಕೊಂಡೇ ತರಬೇಕು. ಹೊಸಬರು ಮರಿಗಳ ಜೊತೆಗೆ ಎರಡು ನಾಟಿ ಹೇಂಟೆಗಳನ್ನೂ ಇಟ್ಟುಕೊಳ್ಳಲಿ. ಮುಂದಿನ ವರ್ಷದ ಮರಿ ಮನೆಯಲ್ಲೇ ಆಗುತ್ತದೆ, ಹೇಂಟೆಯ ಕೆಲಸವನ್ನು ಹೇಂಟೆಯಿಂದಲೇ ಕಲಿಯಲೂ ಆಗುತ್ತದೆ.

ಮೊದಲ ಕೆಲಸ ಬಿಸಿ ಕೊಡುವುದು. ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ತಗಡಿನ ಹಾಳೆಯನ್ನೋ ರಟ್ಟನ್ನೋ ದುಂಡಗೆ ನಿಲ್ಲಿಸಿ, ಒಳಗೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿ, ಮೇಲಿನಿಂದ ಬಲ್ಬ್ ಇಳಿಬಿಟ್ಟರೆ ಬ್ರೂಡರ್ ಸಿದ್ಧ. ಬಲ್ಬ್ ಮಾತ್ರ ಹಳೇ ಕಾಲದ ತಂತಿಯದ್ದೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಮಳೆಗಾಲದ ಒಂದು ರಾತ್ರಿ ಅದರಡಿ ಕಳೆದರೆ ಬೆಳಗ್ಗೆ ಎಷ್ಟು ಮರಿ ಉಳಿದಾವೋ ಹೇಳಲಾಗದು. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಮರಿಗಳನ್ನು ನೋಡಿದರೆ ಸಾಕು. ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಚೀಂಗುಟ್ಟುತ್ತಿದ್ದರೆ ಚಳಿ. ಅಂಚಿಗೆ ಸರಿದು ರೆಕ್ಕೆ ಜೋಲಿಸಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಕಡೆ ಚೆದುರಿ ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿದ್ದರೆ ಹದವಾಗಿದೆ ಎಂದರ್ಥ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಎದ್ದು ನೋಡಬೇಕು. ಕರೆಂಟು ಹೋಗುವ ಊರಾದರೆ ಮಡಕೆಯಲ್ಲಿ ಕೆಂಡ ಇಟ್ಟುಕೊಂಡಿರಬೇಕು, ಹೊಗೆ ಮತ್ತು ಗಾಳಿಯ ಬಗ್ಗೆ ಎಚ್ಚರ ಇರಬೇಕು. ಬಂದ ದಿನ ಪ್ರತಿ ಮರಿಯ ಕೊಕ್ಕನ್ನು ನೀರಿಗೆ ಒಮ್ಮೆ ಅದ್ದಿ ಬಿಡುವುದು ಒಳ್ಳೆಯದು, ತೋರಿಸಿಕೊಡುವ ತಾಯಿ ಇಲ್ಲವಲ್ಲ.

ಎರಡನೆಯದು ಲಸಿಕೆ. ಇದು ಹೇಂಟೆಯ ಕೈಲಿ ಆಗದ್ದು. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವುದನ್ನು ಪಶುವೈದ್ಯರು ರಾಣಿಖೇತ್ ಎನ್ನುತ್ತಾರೆ. 1920ರ ದಶಕದಲ್ಲಿ ಈಗಿನ ಉತ್ತರಾಖಂಡದ ಅದೇ ಹೆಸರಿನ ಗಿರಿಪಟ್ಟಣದಲ್ಲಿ ಕಂಡದ್ದರಿಂದ ಬಂದ ಹೆಸರು. ಹಸಿರು ಬೇಧಿ, ಉಬ್ಬಸ, ತಿರುಚಿದ ಕತ್ತು. ಒಂದು ವಾರದಲ್ಲಿ ಕೇರಿಯ ಕೋಳಿಯೆಲ್ಲ ಖಾಲಿ. ಬಂದ ಮೇಲೆ ಔಷಧಿ ಇಲ್ಲ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ, ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ನಡುವೆ ಗಂಬೊರೊ ಮತ್ತು ಸಿಡುಬಿನ ಲಸಿಕೆ. ತೊಡಕೆಂದರೆ ಒಂದು ಸೀಸೆ ಲಸಿಕೆ ನೂರಾರು ಕೋಳಿಗಾಗುತ್ತದೆ, ಮನೆಯಲ್ಲಿರುವುದು ಇಪ್ಪತ್ತು. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ಐಸಿನ ಮೇಲಿರಬೇಕು. ಆದ್ದರಿಂದ ಅಕ್ಕಪಕ್ಕದ ಮನೆಯವರೆಲ್ಲ ಒಂದು ದಿನ ಗೊತ್ತು ಮಾಡಿಕೊಂಡು ಒಟ್ಟಿಗೆ ಹಾಕಿಸುವುದೇ ಸರಿಯಾದ ದಾರಿ. ಪಕ್ಕದ ಮನೆಯ ಕೋಳಿಗೆ ರೋಗ ಬಂದರೆ ನಮ್ಮದು ಉಳಿಯುವುದೂ ಕಷ್ಟ.

ಮೇವಿನ ಕತೆ ಸುಲಭ. ಮೊದಲ ಎರಡು ತಿಂಗಳು ಅಂಗಡಿಯ ಮರಿ ಆಹಾರ, ಆಮೇಲೆ ನುಚ್ಚು, ರಾಗಿ, ಜೋಳ, ಅಡುಗೆಮನೆಯಲ್ಲಿ ಉಳಿದದ್ದು, ಹಿತ್ತಿಲಿನ ಹುಳ. ಹಿರಿಯರ ಒಂದು ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ಹಳೇ ಮಡಕೆಗೆ ಒದ್ದೆ ಗೋಣಿಚೀಲದ ಚೂರು, ಒಣ ಸಗಣಿ, ಹುಲ್ಲು ತುಂಬಿ ಗೆದ್ದಲಿರುವ ಕಡೆ ಸಂಜೆ ಕವುಚಿ ಇಟ್ಟರೆ ಬೆಳಗ್ಗೆ ಅದರ ತುಂಬ ಗೆದ್ದಲು. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಪ್ರೋಟೀನ್ ಇಲ್ಲ. ಗೂಡು ನೆಲದಿಂದ ಎರಡಡಿ ಮೇಲಿರಲಿ, ಮುಂಗುಸಿ ನುಗ್ಗದಷ್ಟು ಸಣ್ಣ ಕಣ್ಣಿನ ಗಟ್ಟಿ ಜಾಲರಿ ಇರಲಿ, ಕತ್ತಲಾಗುವ ಮುಂಚೆ ಬಾಗಿಲು ಹಾಕಿರಲಿ.

ಇನ್ನು ಕೊಯ್ಯುವ ವಿಚಾರ. ಸಾಕುವುದನ್ನು ಸಂತೋಷದಿಂದ ಕಲಿತವರು ಇಲ್ಲಿಗೆ ಬಂದಾಗ ಮುಖ ತಿರುಗಿಸಿ ಕೋಳಿಯನ್ನು ಯಾರದೋ ಕೈಗೆ ಕೊಟ್ಟುಬಿಡುತ್ತಾರೆ. ತಿನ್ನುವವರು ಒಮ್ಮೆಯಾದರೂ ಎದುರು ನಿಂತು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಐದು ತಿಂಗಳು ಬಿಸಿ, ನೀರು, ನೆರಳು ಕೊಟ್ಟವರು ಅದರ ಕೊನೆಯ ಗಳಿಗೆಯ ನೋವನ್ನು ಕಡಿಮೆ ಮಾಡುವುದೂ ಸಾಕುವ ಕೆಲಸದಲ್ಲೇ ಸೇರಿದ್ದು.

ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಬೇಕು, ನೀರು ಇಡಬೇಕು. ಕರುಳು ಖಾಲಿ ಇದ್ದರೆ ಮಾಂಸ ಕೆಡುವುದಿಲ್ಲ. ಅಟ್ಟಾಡಿಸಿ ಹಿಡಿಯಬಾರದು, ಗೂಡಿನಲ್ಲಿ ಕತ್ತಲಿರುವಾಗಲೇ ಎತ್ತಿಕೊಂಡರೆ ಗಾಬರಿಯಾಗುವುದಿಲ್ಲ. ತಳ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನನ್ನು ತಲೆಕೆಳಗಾಗಿ ಗೋಡೆಗೆ ಬಡಿದು, ಕೋಳಿಯನ್ನು ಅದರೊಳಗೆ ತಲೆ ಕೆಳಗಾಗಿ ಇಳಿಸಿ ಕ್ಯಾನಿನ ಬಾಯಿಂದ ಕತ್ತು ಹೊರಗೆ ಎಳೆದುಕೊಂಡರೆ ರೆಕ್ಕೆ ಬಡಿಯಲು ಜಾಗವಿರದೆ ಸುಮ್ಮನಾಗುತ್ತದೆ. ಚೆನ್ನಾಗಿ ಮಸೆದ ಚಾಕುವಿನಿಂದ ದವಡೆಯ ಕೆಳಗೆ ಎರಡೂ ಬದಿಯ ರಕ್ತನಾಳ ಒಂದೇ ಸಲಕ್ಕೆ ಕತ್ತರಿಸಬೇಕು. ಮೊಂಡು ಚಾಕುವಿನಷ್ಟು ಕ್ರೂರವಾದದ್ದು ಬೇರಿಲ್ಲ. ಎರಡು ನಿಮಿಷದಲ್ಲಿ ರಕ್ತ ಬಸಿಯುತ್ತದೆ. ನಡುವೆ ಮೈ ಅದುರುತ್ತದೆ. ಅದು ನರಗಳ ಸೆಳೆತ, ಕೋಳಿಗೆ ಆಗಲೇ ಪ್ರಜ್ಞೆ ತಪ್ಪಿರುತ್ತದೆ.

ಗರಿ ಕೀಳಲು ನೀರು ಕುದಿಯಬಾರದು. 60ರಿಂದ 65 ಡಿಗ್ರಿ ಬಿಸಿನೀರಲ್ಲಿ ಕಾಲು ಹಿಡಿದು ಮುಳುಗಿಸಿ ಆಡಿಸುತ್ತ, ರೆಕ್ಕೆಯ ದೊಡ್ಡ ಗರಿಯೊಂದನ್ನು ಎಳೆದು ನೋಡಬೇಕು. ಸಲೀಸಾಗಿ ಬಂದರೆ ಹೊರಗೆ ತೆಗೆಯಬಹುದು, ಸಾಮಾನ್ಯವಾಗಿ ಒಂದು ನಿಮಿಷದೊಳಗೆ. ಹೆಚ್ಚು ಬಿಸಿಯಾದರೆ ಚರ್ಮ ಬೆಂದು ಹರಿಯುತ್ತದೆ. ಬ್ರಾಯ್ಲರ್ ಅಂಗಡಿಯವರು ಚರ್ಮವನ್ನೇ ಸುಲಿದು ಎಸೆಯುತ್ತಾರೆ, ನಾಟಿ ಕೋಳಿಯ ರುಚಿ ಚರ್ಮದಲ್ಲೇ ಇದೆ. ಅರಿಶಿನ ಸವರಿ ಒಣಹುಲ್ಲಿನ ಉರಿಯಲ್ಲಿ ತಿರುಗಿಸಿದರೆ ಉಳಿದ ಪುಕ್ಕದ ನವಿರೆಲ್ಲ ಸುಟ್ಟು ಹೋಗುತ್ತದೆ. ಅರಿಶಿನ ಹಚ್ಚದೆಯೂ ಎಷ್ಟೋ ಕೋಳಿಗಳ ಚರ್ಮ, ಕಾಲು ಹಳದಿ. ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿಯಾದರೂ ಈ ಹಳದಿ ಬಂದದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು.

ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿ ತೆಗೆಯಬೇಕು, ಬಿಟ್ಟರೆ ವಾಸನೆ. ಗುದದ ಮೇಲ್ಭಾಗದಲ್ಲಿ ಚರ್ಮವನ್ನಷ್ಟೇ ಅಡ್ಡ ಸೀಳಿ, ಕೈ ಹಾಕಿ ಎಲ್ಲವನ್ನೂ ಒಟ್ಟಿಗೆ ಎಳೆದು ತೆಗೆಯಬೇಕು. ಲಿವರಿಗೆ ಅಂಟಿದ ಹಸಿರು ಪಿತ್ತದ ಚೀಲ ಒಡೆಯಬಾರದು. ಪಕ್ಕದ ಚೂರು ಲಿವರ್ ಹೋದರೂ ಪರವಾಗಿಲ್ಲ, ಅದರ ಸಮೇತ ಕೊಯ್ದು ಬಿಸಾಡುವುದು ಕ್ಷೇಮ. ಕಾಳು ಅರೆಯುವ ಗಟ್ಟಿ ಜಠರವನ್ನು ಸೀಳಿದರೆ ಒಳಗೆ ಕೋಳಿ ನುಂಗಿದ್ದ ಸಣ್ಣ ಕಲ್ಲುಗಳಿರುತ್ತವೆ. ತೊಳೆದು, ಒಳಗಿನ ಹಳದಿ ಪೊರೆ ಸುಲಿಯಬೇಕು. ಗರಿ, ಕರುಳುಗಳನ್ನು ನಾಯಿ ಅಗೆಯದಷ್ಟು ಆಳಕ್ಕೆ ತೆಂಗಿನ ಬುಡದಲ್ಲಿ ಹೂಳಬೇಕು.

ಕೊಯ್ದ ಕೋಳಿಯನ್ನು ತಕ್ಷಣ ಒಲೆಗೆ ಏರಿಸಬೇಕು, ಇಲ್ಲವೇ ನಾಲ್ಕೈದು ಗಂಟೆ ಫ್ರಿಜ್ಜಿನಲ್ಲಿ ಇಡಬೇಕು. ನಡುವಿನ ಹೊತ್ತಿನಲ್ಲಿ ಮಾಂಸ ಸೆಟೆದಿರುತ್ತದೆ, ಎಷ್ಟು ಬೇಯಿಸಿದರೂ ನಾರು ಬಿಡುವುದಿಲ್ಲ. ಮೊಟ್ಟೆ ನಿಲ್ಲಿಸಿದ ಹಳೇ ಹೇಂಟೆಯಾದರೆ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಕು. ಮುದ್ದೆಯ ಜೊತೆಗಿನ ಸಾರಿಗೆ ಎಳೆಯ ಕೋಳಿಗಿಂತ ಅದೇ ಮೇಲು.