ಎಣಿಸುವವರನ್ನು ಮಾತಾಡಿಸಿದರೆ

ಅಂಗಳದಲ್ಲಿ ಕೂತು ತೆಂಗಿನಕಾಯಿ ಎಣಿಸುತ್ತಿರುವವರನ್ನು ನಡುವೆ ಮಾತಾಡಿಸಬಾರದು ಎಂಬುದು ಮಕ್ಕಳಿಗೂ ಗೊತ್ತು. ‘ಎಷ್ಟಾಯ್ತು?’ ಎಂದು ಕೇಳಿದೊಡನೆ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು. ಕಾಯಿಗೊಮ್ಮೆ ಕೇಳುತ್ತ ನಿಂತರೆ ಆ ರಾಶಿ ಎಣಿಸಿ ಮುಗಿಯುವುದೇ ಇಲ್ಲ. ನಮ್ಮ ಮೊಬೈಲಿನೊಳಗಿನ ಪ್ರೊಸೆಸರಿಗೂ ಇಂಥದೇ ಒಂದು ಸ್ವಭಾವವಿದೆ. ಅದನ್ನು ಮಾತಾಡಿಸಲು ಹೋಗಿ ಲೆಕ್ಕ ತಪ್ಪಿಸುವ ಸಾಧನದ ಹೆಸರು ಡೀಬಗ್ಗರ್.

ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವರಿಗೆ ಡೀಬಗ್ಗರ್ ಕಣ್ಣಿದ್ದಂತೆ. ಓಡುತ್ತಿರುವುದನ್ನು ಬೇಕಾದ ಕಡೆ ತಡೆದು ನಿಲ್ಲಿಸುತ್ತದೆ, ಒಂದೊಂದೇ ಆದೇಶವಾಗಿ ನಡೆಸುತ್ತದೆ, ಪ್ರತಿ ಹೆಜ್ಜೆಗೂ ಮೆಮರಿಯಲ್ಲಿ ಏನಿದೆ ಎಂದು ತೋರಿಸುತ್ತದೆ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ ಜಿಡಿಬಿ ಇವುಗಳ ಪೈಕಿ ಹೆಸರುವಾಸಿ, ಇಂದಿಗೂ ಬೆಳೆಯುತ್ತಲೇ ಇದೆ. ಅದನ್ನು ಬಳಸುವವರು ಒಂದು ವಿಷಯವನ್ನು ಪೂರ್ತಿ ನಂಬಿರುತ್ತಾರೆ: ನಾನು ನೋಡಿದ್ದರಿಂದ ಪ್ರೋಗ್ರಾಮಿನ ನಡೆ ಬದಲಾಗಿಲ್ಲ. ಈ ನಂಬಿಕೆಯನ್ನು ಉಳಿಸುವುದು ಪ್ರತಿ ಪ್ರೊಸೆಸರಿನಲ್ಲೂ ಬೇರೆಯೇ ಕೆಲಸ.

ಪ್ರೋಗ್ರಾಮನ್ನು ನಿಲ್ಲಿಸುವ ರೀತಿಯನ್ನೇ ನೋಡಿ. ಇಂಟೆಲ್ ವಂಶದ ಪ್ರೊಸೆಸರಿನಲ್ಲಿ ಡೀಬಗ್ಗರ್ 1 ಬೈಟಿನ ಆದೇಶವೊಂದನ್ನು ಹುದುಗಿಸಿಡುತ್ತದೆ. ಅಲ್ಲಿಗೆ ಬಂದು ನಿಂತ ಪ್ರೊಸೆಸರ್ ತಾನಾಗಲೇ 1 ಬೈಟು ಮುಂದೆ ಹೋಗಿದ್ದೇನೆ ಎನ್ನುತ್ತದೆ, ಡೀಬಗ್ಗರ್ ಅದನ್ನು ಹಿಂದಕ್ಕೆ ಸರಿಸಬೇಕು. 64 ಬಿಟ್ ಆರ್ಮ್ ಪ್ರೊಸೆಸರಿನಲ್ಲಿ ಅದೇ ಕೆಲಸದ ಆದೇಶ 4 ಬೈಟಿನದು, ನಿಂತದ್ದು ನಿಂತಲ್ಲೇ. ಅಲ್ಲಿ ಹಿಂದಕ್ಕೆ ಸರಿಸಿದರೆ ಅದೇ ತಪ್ಪಾಗುತ್ತದೆ.

ಇದಾದರೂ ಒಮ್ಮೆ ತಿಳಿದರೆ ಮುಗಿಯಿತು. ಎಣಿಕೆ ತಪ್ಪುವ ಸಮಸ್ಯೆ ಇದಕ್ಕಿಂತ ಆಳದ್ದು. ಒಂದೇ ಸಂಖ್ಯೆಯನ್ನು ಪ್ರೊಸೆಸರಿನೊಳಗಿನ ಹಲವು ಕೋರ್‌ಗಳು ಹಂಚಿಕೊಂಡಿವೆ, ಅದಕ್ಕೆ ಒಂದು ಕೂಡಿಸಬೇಕು ಎನ್ನಿ. ಇಂಟೆಲ್‌ನಲ್ಲಿ ಇದಕ್ಕೆ ಒಂದೇ ಆದೇಶ ಸಾಕು, ಅದು ಮುಗಿಯುವವರೆಗೆ ಬೇರೆ ಕೋರ್ ಕೈ ಹಾಕುವಂತಿಲ್ಲ. ಆರ್ಮ್ ಮೊದಲು ಹಿಡಿದದ್ದು ಬೇರೆ ದಾರಿ. ‘ಎಲ್‌ಡಿಎಕ್ಸ್‌ಆರ್’ ಎಂಬ ಆದೇಶ ಸಂಖ್ಯೆಯನ್ನು ಓದಿ, ಆ ಜಾಗದ ಮೇಲೊಂದು ಕಾವಲು ಇಡುತ್ತದೆ. ಒಂದು ಕೂಡಿಸಿದ ಮೇಲೆ ‘ಎಸ್‌ಟಿಎಕ್ಸ್‌ಆರ್’ ಬರೆಯಲು ಬರುತ್ತದೆ. ಕಾವಲು ಕದಡದೆ ಇದ್ದರೆ ಮಾತ್ರ ಬರೆಯುತ್ತದೆ. ಇಲ್ಲವಾದರೆ ಸೋತೆ ಎಂದು ತಿಳಿಸುತ್ತದೆ, ಪ್ರೋಗ್ರಾಂ ಮತ್ತೆ ಮೊದಲಿನಿಂದ ಓದುತ್ತದೆ. ಕಾಯಿ ಎಣಿಸುವವರು ಮಾಡುವುದೂ ಇದನ್ನೇ. ಪವರ್‌ಪಿಸಿ, ರಿಸ್ಕ್-ಫೈವ್ ಪ್ರೊಸೆಸರುಗಳಲ್ಲೂ ಇಂಥ ಜೋಡಿ ಆದೇಶಗಳಿವೆ.

ಇದು ನನಗೆ ಬಹಳ ಮೆಚ್ಚಿನ ಯುಕ್ತಿ. ಬೀಗ ಹಾಕಿ ಉಳಿದವರನ್ನು ಕಾಯಿಸುವುದಿಲ್ಲ, ಅಡ್ಡಿಯಾದರೆ ಮತ್ತೆ ಪ್ರಯತ್ನಿಸುತ್ತದೆ ಅಷ್ಟೆ. ಆದರೆ ಡೀಬಗ್ಗರ್ ಹೆಜ್ಜೆಹೆಜ್ಜೆಗೂ ನಿಲ್ಲಿಸುವಾಗ ಹಿಡಿತ ಆಪರೇಟಿಂಗ್ ಸಿಸ್ಟಮ್ಮಿಗೆ ಹೋಗಿ ಹಿಂತಿರುಗುತ್ತದೆ. ಹಾಗೆ ಹಿಂತಿರುಗುವಾಗ ಆರ್ಮ್ ಪ್ರೊಸೆಸರ್ ಕಾವಲನ್ನು ತೆಗೆದುಬಿಡುತ್ತದೆ. ಎಸ್‌ಟಿಎಕ್ಸ್‌ಆರ್ ಪ್ರತಿ ಸಲವೂ ಸೋಲುತ್ತದೆ. ತಾನಾಗಿ ಓಡಿದರೆ ಕಣ್ಣೆವೆ ಇಕ್ಕುವುದರೊಳಗೆ ಮುಗಿಯುತ್ತಿದ್ದ ನಾಲ್ಕು ಆದೇಶಗಳು ಕೊನೆಯಿಲ್ಲದೆ ಸುತ್ತತೊಡಗುತ್ತವೆ. ಪಾಪ, ಪ್ರೋಗ್ರಾಮರ್ ತನ್ನದೇ ತಪ್ಪೆಂದು ಹುಡುಕುತ್ತ ಕೂರುತ್ತಾನೆ.

ಜಿಡಿಬಿ ಕಂಡುಕೊಂಡ ಪರಿಹಾರವೆಂದರೆ ಆ ಹೊತ್ತು ಸುಮ್ಮನಿರುವುದು. ಎದುರಿಗಿರುವುದು ಎಲ್‌ಡಿಎಕ್ಸ್‌ಆರ್ ಎಂದು ಗುರುತಿಸಿದರೆ ಅದು ಮುಂದಿನ ಆದೇಶಗಳನ್ನು, ಹೆಚ್ಚೆಂದರೆ 16ರವರೆಗೆ, ಓದಿ ಎಸ್‌ಟಿಎಕ್ಸ್‌ಆರ್ ಎಲ್ಲಿದೆ ಎಂದು ಹುಡುಕುತ್ತದೆ. ಅದರ ಆಚೆಗೆ ತಡೆ ಇಟ್ಟು, ಇಡೀ ಸಾಲನ್ನು ಒಂದೇ ಉಸಿರಿನಲ್ಲಿ ಓಡಲು ಬಿಡುತ್ತದೆ. ನಡುವೆ ಹೊರಗೆ ಜಿಗಿಯುವ ಶರತ್ತಿನ ಕವಲೊಂದಿದ್ದರೆ, ಜಿಗಿದು ಇಳಿಯುವ ಜಾಗದಲ್ಲೂ ಒಂದು ತಡೆ. ಇಲ್ಲವಾದರೆ ಪ್ರೋಗ್ರಾಂ ಆ ದಾರಿ ಹಿಡಿದು ಕೈಮೀರಿ ಹೋದೀತು.

ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಕೊನೆಯಿಲ್ಲದ ಸುತ್ತಾಟ ಯಾವ ದೋಷಸಂದೇಶವನ್ನೂ ಕೊಡುವುದಿಲ್ಲ. ಹಾಗೆಂದು ಪರೀಕ್ಷೆ ಸುತ್ತು ಮುಗಿಯಲೆಂದು ಕಾಯುತ್ತ ಕೂರಬೇಕಾಗಿಲ್ಲ. ಸಾಲಿನ ಮೊದಲ ಆದೇಶದ ಬಳಿ ಪ್ರೋಗ್ರಾಮನ್ನು ನಿಲ್ಲಿಸಿ, ಒಂದೇ ಒಂದು ಹೆಜ್ಜೆ ಇಡು ಎಂದು ಹೇಳಿ, ಎಲ್ಲಿ ನಿಂತೆ ಎಂದು ಕೇಳಿದರೆ ಸಾಕು. ಎಸ್‌ಟಿಎಕ್ಸ್‌ಆರ್ ದಾಟಿ ನಿಂತಿದ್ದರೆ ಪಾಸು. ಎರಡನೆಯ ಆದೇಶದಲ್ಲೇ ನಿಂತಿದ್ದರೆ ಕಾವಲು ಕದಡಿದೆ ಎಂದರ್ಥ. ಅನಂತದ ಪ್ರಶ್ನೆಯನ್ನು ಒಂದು ಹೆಜ್ಜೆಯ ಪ್ರಶ್ನೆಗೆ ಇಳಿಸಿದ ಈ ಜಾಣ್ಮೆಯನ್ನು ಎಷ್ಟು ಮೆಚ್ಚಿದರೂ ಸಾಲದು.

ಇಂಥ ಪರೀಕ್ಷೆಗಳು ಜಿಡಿಬಿಯ ಭಂಡಾರದಲ್ಲಿ ಪ್ರೊಸೆಸರುಗಳಿಗೆಂದೇ ಮೀಸಲಾದ ಕಡತಕೋಶದಲ್ಲಿವೆ. ಪರೀಕ್ಷೆಗೆಂದು ಓಡಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ‘ಒಂದು ಕೂಡಿಸು’ ಎಂದಷ್ಟೇ ಬರೆದುಕೊಟ್ಟರೆ ಸಾಲದು. ಆರ್ಮ್‌ನ 8.1ನೇ ಆವೃತ್ತಿಯಲ್ಲಿ ಇಂಥ ಕೂಡಿಕೆಗೂ ಒಂಟಿ ಆದೇಶ ಬಂದಿದೆ. ಕಂಪೈಲರ್ ಅದನ್ನೇ ಬಳಸಿದರೆ ಪರೀಕ್ಷೆ ಪಾಸಾಗುತ್ತದೆ, ಆದರೆ ಏನನ್ನೂ ಪರೀಕ್ಷಿಸಿರುವುದಿಲ್ಲ. ಆದ್ದರಿಂದ ಬೇಕಾದ ಆದೇಶಗಳನ್ನು ಅಸೆಂಬ್ಲಿಯಲ್ಲೇ, ಕೈಯಿಂದ, ಒಂದರ ಕೆಳಗೊಂದು ಬರೆದಿಡಬೇಕು.

ಇಷ್ಟಾದರೂ ಪ್ರೋಗ್ರಾಮರ್ ತಾನೇ ಆ ಸಾಲಿನ ನಡುವೆ ತಡೆಯೊಂದನ್ನು ಇಟ್ಟರೆ, ಅಲ್ಲಿ ನಿಂತು ಹೊರಟಾಗಲೆಲ್ಲ ಕಾವಲು ಮುರಿಯುತ್ತದೆ. ಡೀಬಗ್ಗರ್ ಅದನ್ನು ಕಾಪಾಡಲಾರದು. ತಡೆಯನ್ನು ಎಸ್‌ಟಿಎಕ್ಸ್‌ಆರ್‌ನ ಆಚೆ, ಸುತ್ತಿನಿಂದ ಹೊರಬಂದ ಮೊದಲ ಆದೇಶಕ್ಕೆ ಸರಿಸಬೇಕು.