ಕುಳಿತಿರಲಾರದ ಬಾಲಕನೂ ಪಾಠಶಾಲೆಯೂ

ಮುಳಬಾಗಿಲು ತಾಲ್ಲೂಕಿನ ಆವನಿಯು ನೊಳಂಬರ ಕಾಲದ ದೇವಾಲಯಗಳಿಂದ ಪ್ರಸಿದ್ಧವಾದ ಕ್ಷೇತ್ರ. ಅಲ್ಲಿಯ ಬೆಟ್ಟದಲ್ಲಿ ವಾಲ್ಮೀಕಿ ಮಹರ್ಷಿಗಳ ಆಶ್ರಮವಿದ್ದಿತೆಂದೂ ಲವಕುಶರು ಹುಟ್ಟಿ ಬೆಳೆದುದು ಅಲ್ಲಿಯೇ ಎಂದೂ ಸ್ಥಳದ ಐತಿಹ್ಯ. ಈ ಕಥೆ ಕನ್ನಡಿಗರಿಗೆ ಮುಖ್ಯವಾಗಿ ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ಪರಿಚಿತವಾದುದು. ಗುರುಗಳು ಆಶ್ರಮದಲ್ಲಿಲ್ಲದ ಸಮಯದಲ್ಲಿ ತೋಟದ ಕಾವಲಿಗೆ ನಿಂತ ಲವನು ಯಜ್ಞಾಶ್ವವನ್ನು ಹಿಡಿದು, ತನ್ನ ಉತ್ತರೀಯದಿಂದ ಬಾಳೆಯ ಗಿಡಕ್ಕೆ ಕಟ್ಟಿಬಿಡುತ್ತಾನೆ. ಜೊತೆಯ ಮುನಿಕುಮಾರರು ಹೆದರಿ, ಬಿಟ್ಟುಬಿಡೆಂದು ಬೇಡಿಕೊಳ್ಳುತ್ತಾರೆ. ಕನ್ನಡ ನಾಡಿನ ಎಷ್ಟೋ ತಲೆಮಾರಿನ ಬಾಲಕರು ಈ ಪ್ರಕರಣವನ್ನು ಅಲುಗದೆ ಕುಳಿತು, ಪದವಿಭಾಗ ಮಾಡಿ, ಅನ್ವಯಾರ್ಥ ಬರೆದು ಕಲಿತಿದ್ದಾರೆ. ಕುದುರೆಯನ್ನು ಕಟ್ಟಿದ ಹುಡುಗನ ಕಥೆಯನ್ನು ಹೇಳಿಕೊಡುವ ಶಾಲೆಯು, ಅಂಥ ಹುಡುಗನೊಬ್ಬನು ತನ್ನ ಬೆಂಚಿನ ಮೇಲೆಯೇ ಇದ್ದರೆ ಅವನನ್ನು ಏನು ಮಾಡುವುದೆಂಬುದನ್ನು ಬಹುಮಟ್ಟಿಗೆ ಅರಿಯದು.

ಈಗಿನ ಶಾಲೆ ಚಟುವಟಿಕೆಯ ಗಂಡುಹುಡುಗರಿಗೆ ಒಗ್ಗದು ಎಂಬ ವಾದ ಇತ್ತೀಚೆಗೆ ಅನೇಕ ದೇಶಗಳಲ್ಲಿ ಕೇಳಿಬರುತ್ತಿದೆ. ವಾದಿಗಳಲ್ಲಿ ಕೆಲವರು ಹಿಂದಿನ ಕಾಲದ ಗುರುವಿನ ಮಠದಲ್ಲಿ ಬಾಲಕನು ಸ್ವೇಚ್ಛೆಯಿಂದ ಬೆಳೆಯುತ್ತಿದ್ದನೆಂದೂ, ಇಲಾಖೆಯ ಶಾಲೆ ಬಂದ ಮೇಲೆ ಅವನ ಕೈಕಾಲು ಕಟ್ಟಿಹೋದುವೆಂದೂ ಹೇಳುವುದುಂಟು. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಕೋಲಾರ ಸೀಮೆಯ ದೃಷ್ಟಾಂತಗಳಿಂದ ಪರಿಶೀಲಿಸಬಹುದು.

ಮೊದಲು ಮಠದ ಸಂಗತಿ. ಹಳೆಯ ಕೂಲಿಮಠಗಳ ಕ್ರಮವನ್ನು ಕಣ್ಣಾರೆ ಕಂಡು ಬರೆದ ವಿವರಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ೧೮೨೩ರಲ್ಲಿ ಮದರಾಸು ಸರಕಾರಕ್ಕೆ ಸಲ್ಲಿಸಿದ ವರದಿ ಬಹಳ ಬೆಲೆಯುಳ್ಳದ್ದು. ಆ ಜಿಲ್ಲೆಯಲ್ಲಿ ಆಗ ೫೩೩ ಪಾಠಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ೨೩೫ ಶಾಲೆಗಳಲ್ಲಿ ಕನ್ನಡ, ೨೨೬ರಲ್ಲಿ ತೆಲುಗು. ಎರಡು ಭಾಷೆಗಳೂ ಹೀಗೆ ಹೆಗಲೆಣೆಯಾಗಿ ನಿಂತಿದ್ದ ಆ ಪ್ರಾಂತವು ಕೋಲಾರದ ಪೂರ್ವ ತಾಲ್ಲೂಕುಗಳಿಗೆ ಹತ್ತಿರದ ಸಾದೃಶ್ಯವಾಗಿರುವುದರಿಂದ ಅದನ್ನು ಇಲ್ಲಿ ಆಧಾರವಾಗಿಟ್ಟುಕೊಳ್ಳುವುದು ತಪ್ಪಾಗದು.

ಆ ಮಠಗಳು ಬೆಳಗ್ಗೆ ಆರು ಗಂಟೆಗೆ ತೆರೆಯುತ್ತಿದ್ದುವು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು; ಹೀಗೆ ತಡವಾದಷ್ಟೂ ಏಟು ಏರುತ್ತ ಹೋಗುವುದು. ಸೋಮಾರಿಯಾದವನನ್ನು ಎರಡು ಕೈಗಳನ್ನೂ ಕಟ್ಟಿ ಸೂರಿಗೆ ತೂಗಹಾಕುವುದು, ಎಂದರೆ ನಮ್ಮವರು ಕೋದಂಡವೆನ್ನುವ ಶಿಕ್ಷೆ, ಸಾಮಾನ್ಯವಾಗಿದ್ದಿತು. ಇಲ್ಲವೇ ಬಿಡುವಿಲ್ಲದೆ ಬಸ್ಕಿ ಹೊಡೆಸುವರು. ಈ ಕೊನೆಯದು ಬಹಳ ಆಯಾಸಕರವಾದರೂ ಆರೋಗ್ಯಕ್ಕೆ ಒಳ್ಳೆಯದಾಗಿರಬಹುದೆಂದು ಕಲೆಕ್ಟರನು ವಿನೋದವಾಗಿಯೋ ಗಂಭೀರವಾಗಿಯೋ ಅಭಿಪ್ರಾಯಪಟ್ಟಿದ್ದಾನೆ. ಮಕ್ಕಳು ಅರ್ಥವರಿಯದೆ ಗಿಳಿಪಾಠ ಒಪ್ಪಿಸುತ್ತಿದ್ದರೆಂಬುದು ಅವನ ಮುಖ್ಯ ಆಕ್ಷೇಪಣೆ. ಹೀಗಿರಲು ಪೂರ್ವಕಾಲದ ಮಠವನ್ನು ಬಾಲಕರ ನಂದನವನವೆಂದು ವರ್ಣಿಸುವುದು ಕೇವಲ ಭ್ರಾಂತಿ. ಬಾಲಕರಲ್ಲಿಯೂ ಎಲ್ಲರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಬಾಲಿಕೆಯರಂತೂ ಬೆರಳೆಣಿಕೆಗೆ ಬರುವಷ್ಟು ವಿರಳ.

ಆದರೂ ಆ ಮಠದಲ್ಲಿ ಒಂದು ಗುಣವಿದ್ದಿತು. ಅಲ್ಲಿ ಮೌನವಿರಲಿಲ್ಲ. ಅಕ್ಷರವನ್ನು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ತಿದ್ದುತ್ತ ಗಟ್ಟಿಯಾಗಿ ಹೇಳಬೇಕು. ಮಗ್ಗಿಯನ್ನು ಎಲ್ಲರೂ ಕೂಡಿ ರಾಗವಾಗಿ ಕೂಗಬೇಕು. ಮುಂದುವರಿದ ಹುಡುಗನು ಹಿಂದಿನವರಿಗೆ ಹೇಳಿಕೊಡಬೇಕು. ಆದುದರಿಂದ ಅವನು ಎದ್ದು ಓಡಾಡಲೇಬೇಕು. ನವರಾತ್ರಿ ಬಂದಿತೆಂದರೆ ಮಠದ ಹುಡುಗರೆಲ್ಲ ವೇಷಭೂಷಣ ತೊಟ್ಟು, ಕೋಲು ಹಿಡಿದು, ಚೌಪದಗಳನ್ನು ಹಾಡುತ್ತ ಮನೆಮನೆಗೆ ಹೋಗಿ ಕೋಲಾಟವಾಡಿ ಗುರುವಿಗೆ ಕಾಣಿಕೆ ಸಂಪಾದಿಸುವರು. ಹಳೆಯ ಮೈಸೂರು ಸೀಮೆಯಲ್ಲೆಲ್ಲ ಇದು ಬಳಕೆಯಲ್ಲಿದ್ದ ಪದ್ಧತಿ. ಕಂಠ, ಕೈ, ಕಾಲು ಮೂರೂ ಅಲ್ಲಿಯ ಪಾಠದ ಅಂಗಗಳೇ ಆಗಿದ್ದುವು. ಪಾಠದ ವಿಷಯ ಸಂಕುಚಿತ, ಶಿಕ್ಷೆ ಕ್ರೂರ, ನಿಜ; ಆದರೆ ಶರೀರವನ್ನು ಹೊರಗಿಟ್ಟು ಬುದ್ಧಿಯನ್ನು ಮಾತ್ರ ಒಳಕ್ಕೆ ಕರೆಯುವ ವಿಚಾರ ಆ ಗುರುವಿಗೆ ಹೊಳೆದಿರಲಿಲ್ಲ.

ಈ ಕ್ರಮದ ಒಂದು ಅಂಶ ಕಡಲು ದಾಟಿಹೋದ ಕಥೆ ಉಪಾಧ್ಯಾಯರಿಗೆ ತಿಳಿದೇ ಇದೆ. ೧೭೮೯ರಿಂದ ಮದರಾಸಿನ ಎಗ್ಮೂರಿನ ಅನಾಥ ಬಾಲಕರ ಶಾಲೆಯನ್ನು ನಡೆಸಿದ ಆಂಡ್ರೂ ಬೆಲ್ಲನು, ದೇಶೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನೂ, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಬಳಕೆಗೆ ತಂದು, ೧೭೯೭ರಲ್ಲಿ ಅದರ ವೃತ್ತಾಂತವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ವಿಸ್ತಾರವಾಗಿ ಹಬ್ಬಿತು. ಆದರೆ ಮೈಸೂರಿನಲ್ಲಿ ೧೮೫೭ರಲ್ಲಿ ವಿದ್ಯಾಭ್ಯಾಸದ ಇಲಾಖೆ ಹುಟ್ಟಿ, ಮುಂದೆ ಹೋಬಳಿ ಶಾಲೆಗಳು ಏರ್ಪಟ್ಟು, ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಗುವ ವೇಳೆಗೆ ಇಲ್ಲಿ ನೆಲೆಗೊಂಡುದು ಬೇರೊಂದು ಮಾದರಿ: ಒಂದು ತರಗತಿ, ಒಂದು ಪುಸ್ತಕ, ಒಬ್ಬ ಉಪಾಧ್ಯಾಯ, ವರ್ಷದ ಕೊನೆಗೆ ಒಂದು ಪರೀಕ್ಷೆ. ಎಲ್ಲ ಜಾತಿಯ ಮಕ್ಕಳಿಗೂ ಬಾಗಿಲು ತೆರೆದುದು ಈ ಮಾದರಿಯೇ ಎಂಬುದನ್ನು ಮರೆಯಲಾಗದು. ಅದರ ಬೆಲೆಯಾಗಿ ಸದ್ದು ಅಪರಾಧವಾಯಿತು.

ಈ ಶಾಲೆಯಿಂದ ಬಂದ ಇಬ್ಬರನ್ನು ಕೋಲಾರ ಸೀಮೆ ಕನ್ನಡಕ್ಕೆ ಕೊಟ್ಟಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೮೯೧ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಜನಿಸಿದರು. ಮನೆಮಾತು ತಮಿಳು, ಮನೆಯ ಸ್ಥಿತಿ ಸಾಮಾನ್ಯ. ಶಾಲೆಯ ಮೆಟ್ಟಿಲುಗಳನ್ನು ಒಂದೂ ತಪ್ಪದೆ ಏರಿ, ೧೯೧೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ. ಎ. ಪದವಿ ಪಡೆದು, ಮೈಸೂರು ಸಿವಿಲ್ ಸರ್ವಿಸಿನಲ್ಲಿ ಅಧಿಕಾರಿಗಳಾದರು. ಡಿ. ವಿ. ಗುಂಡಪ್ಪನವರು ಅವರಿಗಿಂತ ನಾಲ್ಕು ವರ್ಷ ಮೊದಲು, ೧೮೮೭ರಲ್ಲಿ, ಮುಳಬಾಗಿಲಿನಲ್ಲಿ ಹುಟ್ಟಿದವರು. ಅವರು ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾಗಲಿಲ್ಲ. ಅವರ ಶಾಲೆಯ ಓದು ಅಲ್ಲಿಗೇ ಮುಗಿಯಿತು. ಆ ಮೇಲೆ ಬೆಂಗಳೂರಿಗೆ ಬಂದು ಪತ್ರಿಕಾವೃತ್ತಿಯನ್ನು ಹಿಡಿದು, ೧೯೧೩ರಲ್ಲಿ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಸ್ಥಾಪಿಸಿ, ೧೯೪೩ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಕೊಟ್ಟರು. ಪದವಿಯಿಲ್ಲದ ಅವರಿಗೆ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಿ. ಲಿಟ್. ನೀಡಿತು.

ಈ ಎರಡು ಜೀವನಗಳನ್ನು ಎದುರುಬದರಾಗಿಟ್ಟು ಶಾಲೆ ನಿಷ್ಪ್ರಯೋಜಕವೆಂದು ಸಿದ್ಧಾಂತ ಮಾಡುವವರಿದ್ದಾರೆ. ಅದು ಆತುರದ ಸಿದ್ಧಾಂತ. ಗುಂಡಪ್ಪನವರು ಶಾಲೆಯನ್ನು ಬಿಟ್ಟರೇ ಹೊರತು ಪುಸ್ತಕವನ್ನು ಬಿಡಲಿಲ್ಲ. ಅವರ ಚೈತನ್ಯ ಪಾಠಕ್ಕೆ ವಿರೋಧಿಯಾದುದಲ್ಲ, ಪರೀಕ್ಷೆಯ ಅಳತೆಗೆ ಸಿಕ್ಕದ್ದು ಮಾತ್ರ. ಮೇಲಾಗಿ, ತೇರ್ಗಡೆಯಾಗದ ಸಹಸ್ರ ಹುಡುಗರಲ್ಲಿ ಒಬ್ಬನು ಕಗ್ಗ ಬರೆದರೆ ಉಳಿದವರ ಗತಿಯೇನೆಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಮಹಾಪುರುಷರ ಸೋಲನ್ನು ಉದಾಹರಿಸಿ ಸಾಮಾನ್ಯರ ಸೋಲನ್ನು ಸಮಾಧಾನಪಡಿಸುವುದು ಉಪಾಧ್ಯಾಯರಿಗೆ ಸುಲಭವಾಗಿ ಅಂಟುವ ದುರಭ್ಯಾಸ.

ಪ್ರಕೃತ ವಿಷಯಕ್ಕೆ ಇನ್ನೂ ಸಮೀಪದ ನಿದರ್ಶನ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕೆ. ವಿ. ಅಯ್ಯರ್ ಅವರದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಗಸಾಧನೆಯನ್ನು ಅಂಚೆಯ ಮೂಲಕವೂ ಕಲಿಸಿ ದೇಶಾಂತರಗಳಲ್ಲಿ ಹೆಸರಾದ ಇವರೇ ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃಗಳು. ಮೈಯ ಚೈತನ್ಯವೂ ಸಾಹಿತ್ಯವೂ ಪರಸ್ಪರ ಶತ್ರುಗಳೆಂದು ತಿಳಿದವರು ಇವರ ಜೀವಿತವನ್ನು ನೋಡಬೇಕು. ಇವರ ಪರಮಮಿತ್ರರಾದ ಟಿ. ಪಿ. ಕೈಲಾಸಂ ಅವರು ‘ಟೊಳ್ಳುಗಟ್ಟಿ’ ನಾಟಕದಲ್ಲಿ ಈ ಸಮಸ್ಯೆಯನ್ನೇ ರಂಗಕ್ಕೆ ತಂದರು. ಪುಸ್ತಕದ ಹುಳುವಾದ ಪುಟ್ಟು, ಪರೀಕ್ಷೆಯಲ್ಲಿ ಹಿಂದುಳಿದರೂ ಮನೆಯ ಆಪತ್ತಿಗೆ ಒದಗುವ ಮಾಧು, ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದನ್ನು ಪ್ರೇಕ್ಷಕರು ನಗುತ್ತ ತೀರ್ಮಾನಿಸಿದರು. ಆದರೆ ಹಾಗೆ ನಕ್ಕು ಮನೆಗೆ ಹೋದ ತಂದೆಗಳು ತಮ್ಮ ಮಕ್ಕಳು ಪುಟ್ಟುವಿನಂತಾಗಲೆಂದೇ ಹಾರೈಸಿದರೆಂದು ಊಹಿಸುವುದು ಅನ್ಯಾಯವಾಗದು. ಸರಕಾರದ ಚಾಕರಿ ಪುಟ್ಟುವಿಗೆ ತಾನೇ ದೊರೆಯುತ್ತಿದ್ದುದು!

ಈಗಿನ ಸ್ಥಿತಿಯನ್ನು ನೋಡಿದರೆ ಗಂಡುಮಕ್ಕಳು ಹಿಂದೆ ಬೀಳುತ್ತಿರುವುದು ನಿಸ್ಸಂಶಯ. ೨೦೨೪ರ ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ಕರ್ನಾಟಕದ ಬಾಲಿಕೆಯರಲ್ಲಿ ನೂರಕ್ಕೆ ೮೧.೧೧ ಮಂದಿಯೂ ಬಾಲಕರಲ್ಲಿ ೬೫.೯೦ ಮಂದಿಯೂ ತೇರ್ಗಡೆಯಾದರು. ಇದರಿಂದ ಶಾಲೆಯ ರಚನೆಯೇ ಬಾಲಿಕೆಯರಿಗಾಗಿ ಆದುದೆಂದು ವಾದಿಸುವುದು ಸರಿಯಲ್ಲ. ಅವರು ಬರುವುದಕ್ಕೆ ಬಹಳ ಮೊದಲೇ ಬೆಂಚುಗಳನ್ನು ಹಾಕಿದ್ದಾಗಿತ್ತು. ಬಾಲಿಕೆಯು ಸುಮ್ಮನೆ ಕುಳಿತರೆ ಅದಕ್ಕೆ ಅವಳ ಪ್ರಕೃತಿಯೇ ಕಾರಣವೆನ್ನಲಾಗದು. ಶಾಲೆ ತಪ್ಪಿದರೆ ಅವಳಿಗೆ ಕಾದಿರುವುದೇನೆಂಬ ಅರಿವೂ ಇರಬಹುದು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತದಿಂದ ೨೦೧೨ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನೂ ಇಲ್ಲಿ ನೆನೆಯಬೇಕು. ಒಂದೇ ತರಗತಿಯಲ್ಲಿ ಜನವರಿಯಲ್ಲಿ ಹುಟ್ಟಿದ ದೊಡ್ಡವರಿಗಿಂತ ಡಿಸೆಂಬರಿನಲ್ಲಿ ಹುಟ್ಟಿದ ಚಿಕ್ಕವರು ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ರೋಗವುಳ್ಳವರೆಂದು ವೈದ್ಯರಿಂದ ಗುರುತಿಸಲ್ಪಡುವ ಸಂಭವ ಬಾಲಕರಲ್ಲಿ ನೂರಕ್ಕೆ ೩೦ರಷ್ಟು, ಬಾಲಿಕೆಯರಲ್ಲಿ ೭೦ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ಎಂದ ಮೇಲೆ ರೋಗವೆಂದು ಕರೆದುದರಲ್ಲಿ ಒಂದು ಪಾಲು ಬರಿಯ ಎಳೆತನ. ಮಗು ತರಗತಿಗೆ ಹೊಂದದಿದ್ದಾಗ ದೋಷವನ್ನು ಮಗುವಿನಲ್ಲಿಯೇ ಹುಡುಕಿದುದಾಯಿತು.

ಕೋಲಾರದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುವುದು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಅಸಂಖ್ಯ. ಆರು ವರ್ಷದ ಹುಡುಗನು ತೆಲುಗಿನ ಮನೆಯಿಂದ ಕನ್ನಡದ ಶಾಲೆಗೆ ಬರುತ್ತಾನೆ. ಪಾಠದ ಮಾತು ಪೂರ್ತಿಯಾಗಿ ಕಿವಿಗೆ ಹತ್ತುವವರೆಗೆ ಅವನು ಕಿಟಕಿಯ ಕಡೆ ನೋಡುತ್ತಾನೆ, ಪಕ್ಕದವನನ್ನು ಚಿವುಟುತ್ತಾನೆ. ಅವನನ್ನು ತುಂಟನೆಂದು ಬರೆದುಕೊಳ್ಳುವ ಮೊದಲು ಅವನಿಗೆ ಅರ್ಥವಾಯಿತೇ ಎಂದು ಕೇಳಬೇಕಾದುದು ನ್ಯಾಯ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲೂ ಶಾಲೆಯ ಆರಂಭವೂ ಒಂದೇ ಕಾಲಕ್ಕೆ ಬರುವುವು. ಮಂಡಿಯಲ್ಲಿ ಗಾಡಿಗಳು, ಹರಾಜಿನ ಕೂಗು, ಕೈಗೆ ಕಾಸು. ಕುಳಿತಿರಲಾರದ ಹದಿನಾಲ್ಕರ ಹುಡುಗನನ್ನು ಆ ಕರೆಯಿಂದ ಬಿಡಿಸಿ ಬೆಂಚಿಗೆ ತರುವಷ್ಟು ಆಕರ್ಷಣೆ ಶಾಲೆಯಲ್ಲಿ ಏನಿದೆ?

ಹಿಂದೆ ಹೀಗೆ ಜಾರಿಹೋದವರಿಗೆ ಜಿಲ್ಲೆಯಲ್ಲಿ ಬೇರೆ ಬಾಗಿಲುಗಳಿದ್ದುವು. ಚಿನ್ನದ ಗಣಿಯು ಕೆಲಸಗಾರನ ತೋಳನ್ನು ನೋಡುತ್ತಿದ್ದಿತು, ಅಂಕಪಟ್ಟಿಯನ್ನಲ್ಲ. ಅದು ೨೦೦೧ರಲ್ಲಿ ಮುಚ್ಚಿತು. ನರಸಾಪುರ, ವೇಮಗಲ್ಲುಗಳಲ್ಲಿ ಎದ್ದಿರುವ ಕಾರ್ಖಾನೆಗಳ ಬಾಗಿಲಲ್ಲಿ ಅಂಕಪಟ್ಟಿಯನ್ನೇ ಮೊದಲು ಕೇಳುವರು. ಆದಕಾರಣ ಈ ಹುಡುಗನಿಗೆ ಓದು ಹತ್ತದೆಂದು ಉಪಾಧ್ಯಾಯರು ನುಡಿಯುವ ತೀರ್ಪು ನೂರು ವರ್ಷಗಳ ಹಿಂದಿಗಿಂತ ಈಗ ಬಹು ಕಠಿಣವಾದುದು.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳ ಮನೆಗಳಿವೆ. ಅಲ್ಲಿ ಬಾಲಕನು ಉಳಿ ಸುತ್ತಿಗೆಗಳ ಸದ್ದಿನ ನಡುವೆ ಬೆಳೆದು, ಮೊದಲು ಕಲ್ಲನ್ನು ಉಜ್ಜಿ ನುಣುಪು ಮಾಡಿ, ಆಮೇಲೆ ರೇಖೆ ಎಳೆದು, ಕ್ರಮೇಣ ವಿಗ್ರಹಕ್ಕೆ ಕೈ ಹಾಕುತ್ತಾನೆ. ಅಳತೆ ಒಂದು ಕೂದಲು ತಪ್ಪಿದರೂ ಮುಖ ಕೆಡುವುದರಿಂದ ಅವನು ಗಂಟೆಗಟ್ಟಲೆ ತದೇಕಧ್ಯಾನದಿಂದ ಇರುವನು. ಚಟುವಟಿಕೆಯ ಹುಡುಗನಿಗೆ ಏಕಾಗ್ರತೆ ಬಾರದೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಕೈಗೆ ಕೆಲಸವಿದ್ದಲ್ಲಿ ಮನಸ್ಸು ತಾನಾಗಿ ನಿಲ್ಲುವುದು. ಆದರೆ ಈ ಶಿಕ್ಷಣ ಕುಲವೃತ್ತಿಗೆ ಕಟ್ಟುಬಿದ್ದುದು. ಶಿಲ್ಪಿಯ ಮಗನಿಗೆ ಗಣಿತಜ್ಞನಾಗುವ ದಾರಿಯನ್ನು ಅದು ತೋರಿಸದು, ಪಕ್ಕದ ಮನೆಯ ರೈತನ ಮಗನನ್ನು ಒಳಕ್ಕೆ ಕರೆಯದು. ಶಾಲೆಯು ಅದರಿಂದ ಕಲಿಯಬೇಕಾದುದು ರೀತಿಯನ್ನು, ವ್ಯವಸ್ಥೆಯನ್ನಲ್ಲ.

ಹಾಗೆ ಕಲಿಯುವ ಪ್ರಯತ್ನ ಕನ್ನಡ ನಾಡಿನಲ್ಲಿ ನಡೆದಿದೆ. ಶ್ರೀನಿವಾಸಪುರದ ಗಡಿಯಾಚೆ ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯವರು ಹಳ್ಳಿಯ ಸಣ್ಣ ಶಾಲೆಗಳಿಗಾಗಿ ಚೀಟಿಗಳ ಮೂಲಕ ಕಲಿಸುವ ಕ್ರಮವೊಂದನ್ನು ರೂಪಿಸಿದ್ದರು. ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಅದನ್ನು ಹೋಗಿ ನೋಡಿ ಬಂದು, ೧೯೯೫ರಲ್ಲಿ ತಮ್ಮ ತಾಲ್ಲೂಕಿನಲ್ಲಿ ‘ನಲಿ ಕಲಿ’ಯನ್ನು ಆರಂಭಿಸಿದರು. ೨೦೦೯–೧೦ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೂ, ಬಳಿಕ ಮೂರನೆಯದಕ್ಕೂ ವಿಸ್ತರಿಸಿತು. ಅಲ್ಲಿ ಬೆಂಚಿಲ್ಲ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲನ್ನು ತಾವೇ ನೋಡಿಕೊಂಡು, ಎದ್ದು ಹೋಗಿ ಚೀಟಿಯನ್ನು ಆರಿಸಿ ತರುವರು, ಹಾಡುವರು, ಆಡುವರು, ಮುಂದಿನವನು ಹಿಂದಿನವನಿಗೆ ಹೇಳಿಕೊಡುವನು. ಮರಳಿನ ಮಠದ ಒಳ್ಳೆಯ ಅಂಶಗಳಲ್ಲಿ ಬಹುಪಾಲು, ಕೋದಂಡವನ್ನು ಬಿಟ್ಟು, ಮತ್ತೆ ಮನೆಗೆ ಬಂದಂತಾಯಿತು. ಶರೀರದಂಡನೆಯನ್ನು ೨೦೦೯ರ ಶಿಕ್ಷಣದ ಹಕ್ಕಿನ ಕಾನೂನು ನಿಷೇಧಿಸಿತು. ಚೀಟಿಗಳು ಸವೆದು ಕಾಣೆಯಾದಲ್ಲಿ, ಒಬ್ಬರೇ ಉಪಾಧ್ಯಾಯರು ಎಲ್ಲ ಗುಂಪುಗಳನ್ನೂ ನೋಡಬೇಕಾದಲ್ಲಿ, ಈ ಕ್ರಮವೂ ಬರಿಯ ಹೆಸರಾಗಿ ಉಳಿಯುವುದುಂಟು. ಅದನ್ನು ಸರ್ವರೋಗಕ್ಕೂ ಮದ್ದೆನ್ನುವ ಅಗತ್ಯವಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಅದರ ಎಲ್ಲೆಯಲ್ಲಿದೆ. ಮೂರನೆಯ ತರಗತಿಯ ಕೊನೆಯ ದಿನದವರೆಗೆ ಎದ್ದು ಓಡಾಡಿ ಕಲಿತ ಬಾಲಕನು, ಬೇಸಿಗೆಯ ರಜ ಕಳೆದು ನಾಲ್ಕನೆಯ ತರಗತಿಗೆ ಕಾಲಿಟ್ಟಾಗ, ಅವನು ಒಂಬತ್ತು ವರ್ಷದವನು. ಮೈಯಲ್ಲಿ ಶಕ್ತಿ ಹಿಂದಿಗಿಂತ ಹೆಚ್ಚಾಗಿದೆ. ಅಲ್ಲಿ ಸಾಲಾಗಿ ಹಾಕಿದ ಬೆಂಚುಗಳೂ, ಎಲ್ಲರಿಗೂ ಒಂದೇ ಪುಟ ತೆರೆದ ಪುಸ್ತಕವೂ ಅವನಿಗಾಗಿ ಕಾದಿರುತ್ತವೆ.