ಕುರುವಪುರ: ಮಳೆಯಿಲ್ಲದ ದಿನವೂ ಏರುವ ಹೊಳೆ

ರಾಯಚೂರು: ನಗರದಿಂದ ಅತ್ಕೂರಿನ ದಾರಿ ಹಿಡಿದು ಕೃಷ್ಣೆಯ ದಂಡೆಗೆ ಬಂದವರಿಗೆ ನದಿಯ ನಡುವೆ ಕಾಣುವುದೇ ಕುರುವಪುರ ನಡುಗಡ್ಡೆ. ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಸ್ಥಳವೆಂಬ ನಂಬಿಕೆಯಿಂದ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶಗಳ ದತ್ತ ಭಕ್ತರು ಇಲ್ಲಿಗೆ ಬರುತ್ತಾರೆ. ಗುರುಚರಿತ್ರೆ ಪಾರಾಯಣ ಮಾಡುವ ಮನೆಗಳಲ್ಲಿ ಈ ಊರಿನ ಹೆಸರು ಚಿರಪರಿಚಿತ. ದಶಕಗಳ ಕಾಲ ಈ ಭಕ್ತರನ್ನು ದಾಟಿಸಿದ್ದು ಅಂಬಿಗರ ಹರಿಗೋಲು.

ದೂರದಿಂದ ಬಂದವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ತಲೆಯ ಮೇಲೆ ಬಿಸಿಲಿದ್ದರೆ ಹೊಳೆಯೂ ಸೌಮ್ಯವಾಗಿರುತ್ತದೆಂದು ಅವರು ಭಾವಿಸುತ್ತಾರೆ. ಆದರೆ ಇಲ್ಲಿಯ ನೀರಿಗೂ ರಾಯಚೂರಿನ ಮಳೆಗೂ ಹೆಚ್ಚಿನ ನಂಟಿಲ್ಲ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಸುರಿದ ಮಳೆ ಆಲಮಟ್ಟಿ, ನಾರಾಯಣಪುರ ಜಲಾಶಯಗಳನ್ನು ದಾಟಿ ಬರುತ್ತದೆ. ಅದರ ಜೊತೆಗೆ ರಾಯಚೂರು ತಾಲ್ಲೂಕಿನ ಕಾಡ್ಲೂರು ಬಳಿ ಭೀಮೆಯೂ ಕೃಷ್ಣೆಯನ್ನು ಸೇರುತ್ತದೆ. ಹೀಗಾಗಿ ನಾರಾಯಣಪುರದ ಗೇಟುಗಳು ಮುಚ್ಚಿದ್ದರೂ ಭೀಮೆ ತುಂಬಿದರೆ ನಡುಗಡ್ಡೆಯ ಸುತ್ತ ನೀರು ಏರಬಹುದು.

ಮಾನ್ವಿ ಕಡೆಯಿಂದ ಹೊರಡುವವರಿಗೆ ಇನ್ನೊಂದು ಗೊಂದಲವಿದೆ. ಅವರ ಕಣ್ಣೆದುರಿನ ಹೊಳೆ ತುಂಗಭದ್ರೆ. 2009ರ ಪ್ರವಾಹದಲ್ಲಿ ಅದು ತಂದ ಸಂಕಷ್ಟವನ್ನು ಆ ತಾಲ್ಲೂಕಿನ ನದಿತೀರದ ಹಳ್ಳಿಗಳು ಮರೆತಿಲ್ಲ. ಆದರೆ ತುಂಗಭದ್ರೆ ಕೃಷ್ಣೆಯನ್ನು ಕೂಡುವುದು ಕುರುವಪುರವನ್ನು ದಾಟಿ ಬಹುದೂರ ಕೆಳಗೆ. ತುಂಗಭದ್ರೆ ಒಣಗಿದ್ದರೂ ಕೃಷ್ಣೆ ಉಕ್ಕುತ್ತಿರಬಹುದು. ಆ ವಿಷಯದಲ್ಲಿ ದೇವದುರ್ಗದವರ ಮಾತು ಹೆಚ್ಚು ನಂಬಿಕೆಗೆ ಅರ್ಹ. ಅಲ್ಲಿಯ ಹೂವಿನಹೆಡಗಿ ಸೇತುವೆಯೇ ಒಂದು ಅಳತೆಗೋಲು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯುಸೆಕ್ ಆಸುಪಾಸಿನ ನೀರು ಹರಿದಾಗ ಆ ಸೇತುವೆ ಮುಳುಗಿತ್ತು, ಕೆಳಗಿನ ನಡುಗಡ್ಡೆಗಳು ಸಂಪರ್ಕ ಕಡಿದುಕೊಂಡಿದ್ದವು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಅಸಟೀಗ್ ಎಂಬ ದ್ವೀಪವಿದೆ. ಪ್ರತಿ ಜುಲೈನಲ್ಲಿ ಅಲ್ಲಿಯ ಕಾಡುಕುದುರೆಗಳನ್ನು ಪಕ್ಕದ ಶಿಂಕಟೀಗ್ ದ್ವೀಪಕ್ಕೆ ಈಜಿಸುತ್ತಾರೆ. ಉಬ್ಬರವೂ ಇಳಿತವೂ ಇಲ್ಲದ ಹೊತ್ತನ್ನು ಲೆಕ್ಕಹಾಕಿ ಕುದುರೆಗಳನ್ನು ನೀರಿಗಿಳಿಸಲಾಗುತ್ತದೆ. ಸಮುದ್ರಕ್ಕೆ ಅಂಥ ಪಂಚಾಂಗವುಂಟು, ಕೃಷ್ಣೆಗಿಲ್ಲ. ಇಲ್ಲಿ ಪ್ರಯಾಣಿಕರು ಕೇಳಬೇಕಾದ್ದು ಜಲಾಶಯದ ಹೊರಹರಿವಿನ ಪ್ರಮಾಣವನ್ನು.

ಇಲ್ಲಿಯ ನೀರಿನಲ್ಲಿರುವುದು ಕುದುರೆಯಲ್ಲ, ಮೊಸಳೆ. ರಾಯಚೂರು, ದೇವದುರ್ಗ ತಾಲ್ಲೂಕುಗಳ ಕೃಷ್ಣಾ ತೀರದಲ್ಲಿ ಅವುಗಳ ವಾಸ ಹೊಸತಲ್ಲ. ಚಳಿಗಾಲದ ಬೆಳಗುಗಳಲ್ಲಿ ಮೈ ಕಾಯಿಸಿಕೊಳ್ಳಲು ಬಂಡೆಯೇರುತ್ತವೆ. ಪ್ರವಾಹದಲ್ಲಿ ಹಳ್ಳ, ಹೊಲಗಳಿಗೂ ನುಗ್ಗುತ್ತವೆ. ನೀರು ಇಳಿದು ಯಾತ್ರಿಕರಿಗೆ ಹಿತವಾಗುವ ಬೇಸಿಗೆಯ ಆರಂಭವೇ ಅವುಗಳಿಗೆ ಮೊಟ್ಟೆಯಿಡುವ ಕಾಲ. ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟ ತಾಯಿ ಸುಮಾರು ಎರಡು ತಿಂಗಳು ಅದರ ಕಾವಲಿನಲ್ಲಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವು ಸಂರಕ್ಷಿತ ಪ್ರಾಣಿಗಳು. ಆದ್ದರಿಂದ ಪುಣ್ಯಸ್ನಾನಕ್ಕೆಂದು ಕಂಡಲ್ಲಿ ಇಳಿಯದೆ, ಸ್ಥಳೀಯರು ತೋರಿಸಿದ ಜಾಗದಲ್ಲಿ ತಂಬಿಗೆಯಿಂದ ನೀರು ಸುರಿದುಕೊಳ್ಳುವುದೇ ಕ್ಷೇಮ. ಕಲ್ಲೆಸೆದು ಮೊಸಳೆಯನ್ನು ಎಬ್ಬಿಸುವ ಚಪಲ ಕೆಲವರಿಗಿದೆ. ಅವರನ್ನು ದಾಟಿಸಲು ಅಂಬಿಗ ಒಪ್ಪದಿದ್ದರೆ ತಪ್ಪೇನಿಲ್ಲ.

ಯಾತ್ರಿಕರು ಹೊಳೆ ತುಂಬಿದ ದಿನ ಪ್ರಯಾಣವನ್ನು ಮುಂದೂಡಬಹುದು. ಕುರ್ವಕಲಾ, ಕುರ್ವಕುರ್ದದಂಥ ನಡುಗಡ್ಡೆಗಳ ನಿವಾಸಿಗಳಿಗೆ ಆ ಅನುಕೂಲವಿರಲಿಲ್ಲ. ಸಂತೆ, ಶಾಲೆ, ಹೆರಿಗೆ ಎಲ್ಲಕ್ಕೂ ಹೊಳೆ ದಾಟಬೇಕಿತ್ತು. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ಪಂಚದೇವಪಹಾಡ್ ಕಡೆಯಿಂದ ದಿನಸಿ ತರುತ್ತಿದ್ದವರ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ಸೇತುವೆ ಬೇಕೆಂಬ ಅವರ ಬೇಡಿಕೆ ಆ ದುರಂತಕ್ಕಿಂತ ಬಹಳ ಹಳೆಯದು.